ನಾಳೆ ಎಂಬಲ್ಲಿ ಒಂದು ಉಸಿರು

ಕಾಟೊವಿಟ್ಸೆಯಲ್ಲಿ ಹೊರನಾಡಿನ ಧಾರಾವಾಹಿಗೆ
ನೂರು ಪಾತ್ರವಿದ್ದರೂ ದನಿ ಒಂದೇ.
ಬ್ರೆಜಿಲಿನ ತೋಟದ ಒಡತಿ ಅತ್ತರೂ,
ಅವಳ ಗಂಡ ಗುಂಡು ಹಾರಿಸಿದರೂ,
ತೊಟ್ಟಿಲ ಕೂಸು ಮೊದಲ ಸಲ ಅಮ್ಮಾ ಎಂದರೂ
ಎಲ್ಲ ಓದುವವನು ಬೊಗುಮಿಲ್ ಗಾವ್ಲಾಸ್,
ಹಾಲಿನ ಲೆಕ್ಕ ಓದುವಷ್ಟು ತಣ್ಣಗೆ.
ಕೆಳಗೆ, ನೀರಡಿಯ ಕಲ್ಲಿನ ಹಾಗೆ,
ಅವರ ನಿಜದ ಅಳು ಪೋರ್ಚುಗೀಸಿನಲ್ಲಿ ಕಾಣುತ್ತಿರಬೇಕು.
ಅದೇ ಕಸುಬು: ಮುಚ್ಚದೆ ಹೊದಿಸುವುದು.

ನಾನು ಗಾಜಿನ ಈಚೆ, ಗುಂಡಿಗಳ ಮುಂದೆ,
ಹನ್ನೊಂದು ವರ್ಷ ಅವನ ಉಸಿರುಗಳನ್ನು ಕತ್ತರಿಸಿ
ಬುಟ್ಟಿಗೆ ಹಾಕಿದವಳು.
ಸಂಜೆ ಐದಕ್ಕೆ ಟ್ರಾಮು ಖಾಲಿ ಓಡುತ್ತಿದ್ದ ಕಾಲ.
ಗಣಿಯಿಂದ ಬಂದವರು ಕಿವಿಯ ಮಸಿಯನ್ನೂ ತೊಳೆಯದೆ ಕೂರುತ್ತಿದ್ದರು,
ಒಡತಿಗೆ ಮದುವೆಯಾಯಿತೇ ಎಂದು ನೋಡಲು.
ನೀವು ನಗಬಹುದು. ನಾನು ನಗುವುದಿಲ್ಲ.
ಅಗ್ಗದ ಕಥೆಗೆ ಸುರಿದ ಕಣ್ಣೀರೂ ಉಪ್ಪೇ.

ಈಗ ಟಿವಿಯಲ್ಲಿ ಮತ್ತೆ ಬೊಗುಮಿಲ್.
ಕೊರಿಯಾದ ವೈದ್ಯರು, ಟರ್ಕಿಯ ಸೊಸೆಯರು,
ನಡುರಾತ್ರಿ ಬಾಣಲೆ ಮಾರುವವರು,
ಎಲ್ಲರ ಬಾಯಲ್ಲೂ ಅವನೇ.
ಅವನೋ ಮೂರನೇ ಮಹಡಿಯಲ್ಲಿ,
ಗಂಟಲು ಕೊಯ್ಸಿಕೊಂಡು ಎರಡು ವರ್ಷ,
ಸ್ಲೇಟಿನಲ್ಲಿ ಬರೆದು ಮಾತಾಡುತ್ತಾನೆ:
"ಸಕ್ಕರೆ ಬೇಡ."
"ಕಿಟಕಿ ಹಾಕು."
"ನಿನ್ನೆ ನಾನು ಬಾಣಲೆ ಮಾರಿದೆನಂತೆ?"

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ.
ಇಲ್ಲಿ ಬಾಯಿ ಮನೆಯಲ್ಲಿ ಕೂತಿದೆ,
ಮಾತು ಜೀತಕ್ಕೆ ಹೋಗಿದೆ.

ಕಂಪನಿಗೆ ಹೋದೆವು ನಾವಿಬ್ಬರೂ.
ಟೈ ಕಟ್ಟದ ವಕೀಲ, ಮೂವತ್ತಾಗಿರಲಿಕ್ಕಿಲ್ಲ,
ಒಳ್ಳೆಯ ಹುಡುಗ, ನಿಂಬೆ ಚಹಾ ತರಿಸಿಕೊಟ್ಟ.
ತೊಂಬತ್ತಾರರ ಕರಾರು ತೆಗೆದ. ಹದಿನಾಲ್ಕನೇ ಕಲಮು:
"ಈಗ ಗೊತ್ತಿರುವ ಹಾಗೂ ಮುಂದೆ ಹುಟ್ಟಲಿರುವ
ಎಲ್ಲ ವಿಧಾನಗಳಲ್ಲೂ."
ಕೆಳಗೆ ಬೊಗುಮಿಲನ ರುಜು.
ಸಾಕ್ಷಿ: ಯಾಗ್ನಾ ಕೊಚೂರ್, ಅಂದರೆ ನಾನು.
ಪೆನ್ನೂ ನನ್ನದೇ ಇದ್ದೀತು, ಅವನ ಜೇಬಿನಲ್ಲಿ ಎಂದೂ ಪೆನ್ನಿರಲಿಲ್ಲ.
"ದನಿ ನಿಮ್ಮದೇ ಸ್ವಾಮಿ," ಅಂದ ಹುಡುಗ,
"ಸದ್ದು ಮಾತ್ರ ನಮ್ಮದು."
ಬೊಗುಮಿಲ್ ಚೀಲದಿಂದ ಸ್ಲೇಟು ತೆಗೆದ,
ಏನೂ ಬರೆಯಲಿಲ್ಲ,
ಹಾಗೇ ತಿರುಗಿಸಿ ತೋರಿಸಿದ.

ಹುಟ್ಟದೇ ಇದ್ದದ್ದಕ್ಕೆ ರುಜು ಹಾಕುವುದು ಹೇಗೆ?
ನಾನೂ ದಿನಕ್ಕೆ ನಾಲ್ಕು ಸಲ ಹಾಕುತ್ತೇನೆ ಅನ್ನಿ.
ಹವಾಮಾನ ನೋಡಲು ಒಪ್ಪಿದ್ದೇನೆ,
ಟಾರ್ಚು ಹೊತ್ತಿಸಲು ಒಪ್ಪಿದ್ದೇನೆ,
ಒಪ್ಪುವುದಿಲ್ಲ ಎನ್ನುವ ಗುಂಡಿ ಇದೆಯಂತೆ,
ಬೂದಿ ಬಣ್ಣದಲ್ಲಿ, ಬೂದಿಯ ಮೇಲೆ.

ಮೊನ್ನೆ ಮಂಗಳವಾರ ಅವನ ಮನೆಯಲ್ಲಿ
ಬೀಟ್ರೂಟ್ ಸಾರು ಕುಡಿಯುತ್ತ
ಯಾರದೋ ಸೊಸೆಯ ಜಗಳ ನೋಡುತ್ತಿದ್ದೆವು.
ಯಂತ್ರ ಓದಿತು: ನಾನು ನಾಳೆ ಬರುತ್ತೇನೆ.
ನಾಳೆಗೆ ಮುಂಚೆ ಒಂದು ತಡೆ,
ಹೊಸ್ತಿಲು ಎಡವಿದಂಥ ಅರ್ಧ ಉಸಿರು.
ಹತ್ತು ನಿಮಿಷಕ್ಕೆ ಮತ್ತೆ: ನಾಳೆ ಮಳೆಯಂತೆ.
ಮತ್ತೆ ಅದೇ.
ಚಮಚ ಕೆಳಗಿಟ್ಟೆ.

ಗೊತ್ತು ನನಗೆ ಆ ಉಸಿರು.
ತೊಂಬತ್ತೇಳರ ಜುಲೈ, ಓಡ್ರಾ ನದಿ ಉಕ್ಕಿದ ವಾರ.
ರಾಚಿಬೂಜ್‌ನಿಂದ ತಂಗಿಯ ಫೋನು ಬಂದು
"ಅಣ್ಣಾ, ಮೆಟ್ಟಿಲು" ಎಂಬಲ್ಲಿಗೆ ಕಡಿದಿತ್ತು.
ಬೊಗುಮಿಲ್ ಕೂತು ನಗೆ ನಾಟಕ ಓದಿದ,
ನಾಲ್ಕು ದಿನ, ಎಂಟು ಕಂತು,
ಅದೇ ತಣ್ಣನೆ ದನಿ.
ನಾಳೆ ಎಂಬ ಮಾತು ಬಂದಾಗ ಮಾತ್ರ ಎಡವುತ್ತಿದ್ದ.
ಕತ್ತರಿಸುವುದು ನನ್ನ ಕೆಲಸ.
ಕತ್ತರಿಸಲಿಲ್ಲ. ಇರಲಿ ಅಂದುಕೊಂಡೆ.

ತಂಗಿ ಐದನೇ ದಿನ ಸಿಕ್ಕಳು,
ಚಾವಣಿಯ ಮೇಲೆ, ಎರಡು ಕೋಳಿ ಮಡಿಲಲ್ಲಿಟ್ಟುಕೊಂಡು ಬೈಯುತ್ತ.
ಈಗಲೂ ಇದ್ದಾಳೆ, ಈಗಲೂ ಬೈಯುತ್ತಾಳೆ.
ಆ ಭಯ ಮುಗಿದು ಎಷ್ಟು ಕಾಲ!
ಸಾಫ್ಟ್‌ವೇರಿಗೆ ಅದನ್ನು ಯಾರೂ ಹೇಳಿಲ್ಲ.
ಲೋಕದ ಎಲ್ಲ ನಾಳೆಗೂ ಅದು ಹೆದರುತ್ತಿದೆ,
ಬಾಣಲೆ ನಾಳೆಯೇ ಮನೆಗೆ ತಲುಪಲಿದ್ದರೂ.

ಯಾರಾದರೂ ದೂರು ಕೊಟ್ಟರೆ
ಮುಂದಿನ ಆವೃತ್ತಿಯಲ್ಲಿ ಸರಿಮಾಡುತ್ತಾರೆ:
ಸಣ್ಣಪುಟ್ಟ ದೋಷಗಳ ನಿವಾರಣೆ.

ಬೊಗುಮಿಲ್ ನನ್ನನ್ನೇ ನೋಡುತ್ತಿದ್ದ.
ಬಳಪ ತಗೊಂಡ.
"ಅವರಿಗೆ ಹೇಳಬೇಡ."
ನಾನು ಓದಿದ್ದು ಖಾತ್ರಿಯಾದ ಮೇಲೆ
ಅಂಗೈಯಲ್ಲಿ ಒರೆಸಿದ.
ಹೋಯ್ತು.